ಚಾ ಆರುವ ತನಕ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಕಂಪ್ಯೂಟರ್ ನಿಂತಿತು.

1988ರ ಏಪ್ರಿಲ್ ತಿಂಗಳು. ಹತ್ತಿಯಿಂದ ಬೀಜ ಬಿಡಿಸುವ, ಅಣ್ಣಿಗೇರಿಯ ಕುಬೇರಪ್ಪನವರ ಜಿನ್ನಿನ ಆಫೀಸು. ಪರದೆಯ ಮೇಲಿದ್ದ ಹಸಿರು ಅಂಕಿಗಳು ಒಮ್ಮೆ ನಡುಗಿ ಇದ್ದಲ್ಲಿಯೇ ನಿಂತುಬಿಟ್ಟವು. ಯಾವ ಗುಂಡಿ ಒತ್ತಿದರೂ ಕದಲಲಿಲ್ಲ.

ಅಂದು ಮೊದಲ ಸಲ ಹುಬ್ಬಳ್ಳಿಯಿಂದ ರಿಪೇರಿಗೆ ಬಂದಿದ್ದ ಹೊಳೆಪ್ಪ, ಕೈಚೀಲದಿಂದ ಸ್ಕ್ರೂಡ್ರೈವರ್ ತೆಗೆದ.

"ಈಗ ಮುಟ್ಟಬ್ಯಾಡ್ರಿ," ಅಂದಳು ಗೌರಕ್ಕ. ಆ ಮನೆಯ ಸೊಸೆ. ಜಿನ್ನಿನ ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಿಕೊಳ್ಳುವವಳು ಅವಳೇ.

"ಯಾಕ್ರಿ?"

"ನಮ್ಮ ಮನಿಯವರು ಬಂದಾರ."

ಹೊಳೆಪ್ಪ ಗಡಬಡಿಸಿ ಎದ್ದುನಿಂತ. ಅಂಗಿಯ ಕಾಲರ್ ಸರಿ ಮಾಡಿಕೊಂಡು ನಮಸ್ಕಾರಕ್ಕೆ ಕೈ ಜೋಡಿಸಿ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.

ಗೌರಕ್ಕ ಸೆರಗನ್ನು ತುಟಿಗೆ ಒತ್ತಿ ಹಿಡಿದಳು. ನಗು ತಡೆದದ್ದೋ ಅಳು ತಡೆದದ್ದೋ ಅವನಿಗೆ ತಿಳಿಯಲಿಲ್ಲ. ಆ ಕಣ್ಣುಗಳಲ್ಲಿ ಎರಡೂ ಇದ್ದವು.

ಅವಳು ಮಷೀನಿನ ಸ್ವಿಚ್ ಆರಿಸಿದಳು. ಅಷ್ಟರಲ್ಲಿ ಅವಳ ಅತ್ತೆ ಅನ್ನವ್ವ ಒಳಗಿನಿಂದ ಒಂದು ಕಪ್ಪಿನಲ್ಲಿ ಚಾ ತಂದು ಕಂಪ್ಯೂಟರಿನ ಬಾಜು ಇಟ್ಟಳು. ಮಷೀನಿಗೆ ಹೊದಿಸಿದ್ದ ಬೂದು ಬಣ್ಣದ ಶಾಲಿನ ಅಂಚನ್ನು, ಮಲಗಿದ ಮಗುವಿನ ಹೊದಿಕೆ ಸರಿಪಡಿಸುವ ಹಾಗೆ, ಎರಡೂ ಕಡೆ ಎಳೆದು ಸರಿ ಮಾಡಿದಳು. ಆಮೇಲೆ ಎದುರಿನ ಸ್ಟೂಲಿನ ಮೇಲೆ ಕುಳಿತಳು. ಯಾರೂ ಮಾತಾಡಲಿಲ್ಲ. ಚಾದ ಮೇಲೆ ಕೆನೆ ಕಟ್ಟಿತು.

"ಇನ್ನ ಹಚ್ಚವಾ," ಅಂದಳು ಅನ್ನವ್ವ.

ಗೌರಕ್ಕ ಸ್ವಿಚ್ ಹಾಕಿದಳು. ಕಂಪ್ಯೂಟರ್ ಏನೂ ಆಗದ ಹಾಗೆ ಚಾಲೂ ಆಯಿತು.

ಹೊಳೆಪ್ಪ ಸ್ಕ್ರೂಡ್ರೈವರನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡ.

*

ಆ ಮಷೀನ್ ಕಂಪನಿಯದಲ್ಲ. ಕುಬೇರಪ್ಪನವರ ಒಬ್ಬನೇ ಮಗ, ಇಂಜಿನಿಯರಿಂಗ್ ಓದಿದ್ದ ಶಂಭುಲಿಂಗಪ್ಪ, ಮುಂಬಯಿಯಿಂದ ಒಂದೊಂದೇ ಬಿಡಿಭಾಗ ತಂದು ತಾನೇ ಕೂಡಿಸಿದ್ದು. ಅದರ ಪ್ರೊಸೆಸರ್ ಆರು ಮೆಗಾಹರ್ಟ್ಝ್ ವೇಗಕ್ಕೆಂದು ಮಾಡಿದ್ದು. ವೇಗವನ್ನು ನಿರ್ಧರಿಸುವುದು ಬೋರ್ಡಿನ ಮೇಲಿನ ಕ್ರಿಸ್ಟಲ್ ಎಂಬ ಪುಟ್ಟ ಬೆಳ್ಳಿ ಬಣ್ಣದ ಡಬ್ಬಿ. ಶಂಭುಲಿಂಗಪ್ಪ ಅದನ್ನು ಕಿತ್ತು, ಹೆಚ್ಚಿನ ವೇಗದ ಕ್ರಿಸ್ಟಲ್ ಬೆಸೆದು, ಮಷೀನನ್ನು ಎಂಟು ಮೆಗಾಹರ್ಟ್ಝ್ ವೇಗದಲ್ಲಿ ಓಡಿಸಿದ್ದ. ಜೋರು ಓಡಬೇಕು, ಇಪ್ಪತ್ತು ವರ್ಷ ಬಾಳಬೇಕು, ಎರಡೂ ಆಗಬೇಕು ಅನ್ನುವುದು ಅವನ ಹಟ. ಹೆಂಡತಿಯನ್ನು ಬಾಜು ಕೂಡಿಸಿಕೊಂಡು ಕಲಿಸಿದ್ದೂ ಅವನೇ.

ಹೋದ ಮಳೆಗಾಲದಲ್ಲಿ ಕಾಮಾಲೆಯಾಗಿ ಅವನು ತೀರಿಕೊಂಡ. ಮಧ್ಯಾಹ್ನ, ಚಾದ ಹೊತ್ತಿಗೆ. ಆಮೇಲೆ ಹತ್ತಿಯ ಧೂಳು ಬೀಳದಿರಲೆಂದು ಗೌರಕ್ಕ ಮಷೀನಿಗೆ ಅವನ ಶಾಲು ಹೊದಿಸಿದಳು. ಚಳಿಗಾಲ ಏನೂ ಆಗಲಿಲ್ಲ. ಶಿವರಾತ್ರಿ ಕಳೆದ ಮೇಲೆ ಮಧ್ಯಾಹ್ನ ಮೂರರ ಸುಮಾರಿಗೆ ನಿಲ್ಲತೊಡಗಿತು. ಒಂದು ದಿನ ಅನ್ನವ್ವ ಅದರ ಬಾಜು ಚಾ ಇಟ್ಟಳು. ಆರಿದ ಮೇಲೆ ಹಚ್ಚಿದರೆ ಚಾಲೂ ಆಯಿತು. ಅಂದಿನಿಂದ ಆ ಮನೆಯಲ್ಲಿ ಅದಕ್ಕೆ ಬೇರೆ ಕಾರಣ ಹುಡುಕಿದವರಿಲ್ಲ.

ಹುಡುಕಿದವರು ಕುಬೇರಪ್ಪನವರು ಒಬ್ಬರೇ. ಹೊಳೆಪ್ಪನನ್ನು ಕರೆಸಿದ್ದೂ ಅವರೇ.

"ನೋಡಪಾ," ಅಂದರು ಅವರು ಹೊರಗೆ ಹತ್ತಿ ತುಂಬಿದ ಅಂಡಿಗೆ ಚೀಲಗಳ ನೆರಳಿನಲ್ಲಿ ನಿಂತು. "ಆಗೂದಾದ್ರ ರಿಪೇರಿ ಮಾಡು. ಆಗಲಿಲ್ಲಂದ್ರ ಮಾರಿ ಬಿಡ್ತೇನಿ. ಹುಡುಗೀನೂ ಯರಗುಪ್ಪಿಗಿ ತವರಮನಿಗಿ ಕಳಸೂದು. ಆ ಡಬ್ಬಿ ಮುಂದ ಕುಂತು ಕುಂತು ಆಕಿನೂ ನಮ್ಮ ಮುದುಕಿ ಹಂಗ ಆಗಬಾರದು."

*

ಮರುವಾರ ಹೊಳೆಪ್ಪ ಬೆಳಗಿನ ಪ್ಯಾಸೆಂಜರಿಗೆ ಇಳಿದು ಬಂದ. ಗೌರಕ್ಕ ಶಾಲು ಸರಿಸಿಕೊಟ್ಟಳು. ಮಷೀನಿನ ಮುಚ್ಚಳ ಬಿಚ್ಚಿದಾಗ ಒಳಗೆ ಗುಬ್ಬಿ ಗೂಡಿನಷ್ಟು ಹತ್ತಿಯ ಎಳೆ ಇತ್ತು. ಪವರ್ ಸಪ್ಲೈಯ ಫ್ಯಾನಿನ ರೆಕ್ಕೆಗಳಿಗೆ ಬಿಳಿ ಗಡ್ಡ ಬೆಳೆದಿತ್ತು.

"ಅಕ್ಕಾರ, ಇದರಾಗ ಒಂದ ದಿಂಬ ತುಂಬಬಹುದ್ರಿ."

"ನನ್ನ ಹೆಸರಿನಾಗ ಒಂದ ಅಕ್ಕ ಐತಿ. ಮತ್ತೊಂದ ಯಾಕ ಹಚ್ತೀರಿ?"

"ಮತ್ತ ಏನಂತ ಕರೀಲ್ರಿ?"

"ರಿಪೇರಿ ಮಾಡವರು ಮಷೀನ್ ಕೂಡ ಮಾತಾಡಬೇಕ್ರಿ, ನನ್ನ ಕೂಡ ಅಲ್ಲ."

ಹಾಗೆ ಅಂದವಳು ಎದ್ದು ಹೋಗಲಿಲ್ಲ. ಟಾರ್ಚ್ ಹಿಡಿದು ನಿಂತಳು. ಅವನು ಸಣ್ಣ ಬ್ರಷ್ಷಿನಿಂದ ಧೂಳು ತೆಗೆದ, ಕಾರ್ಡುಗಳನ್ನು ಕಿತ್ತು ಅವುಗಳ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದ. ಅವಳ ಬಳೆ ಒಮ್ಮೆ ಅವನ ಮೊಣಕೈಗೆ ತಾಗಿತು. ಟಾರ್ಚಿನ ಬೆಳಕು ಒಂದು ಕ್ಷಣ ಗೋಡೆಗೆ ಹೋಗಿ, ಮರಳಿ ಬಂತು.

ಮುಚ್ಚಳ ತೆರೆದಿಟ್ಟೇ ಮಷೀನ್ ಓಡಿಸಿ ನೋಡಿದ. ಪ್ರೊಸೆಸರ್ ಮೇಲೆ ಬೆರಳಿಟ್ಟವನು ಹಾ ಎಂದು ಕೈ ಎಳೆದುಕೊಂಡ.

"ಕಚ್ಚಿತೇನ್ರಿ?"

"ಸುಟ್ಟಿತ್ರಿ. ನಗಬ್ಯಾಡ್ರಿ."

"ನಾ ಎಲ್ಲಿ ನಕ್ಕೇನಿ?" ಅಂದಳು ನಗುತ್ತಲೇ. ಮದುವೆಯಾದ ಹೆಣ್ಣಿನ ನಗುವಲ್ಲ, ವಿಧವೆಯ ನಗುವೂ ಅಲ್ಲ. ಯರಗುಪ್ಪಿಯ ಹೊಲದಲ್ಲಿ ಕಡಲೆ ಗಿಡ ಕಿತ್ತು ತಿನ್ನುತ್ತಿದ್ದ ಹುಡುಗಿಯ ನಗು. ಅದು ತನಗೇ ಕೇಳಿಸಿದಾಗ ಬೆದರಿದವಳಂತೆ ಸುಮ್ಮನಾದಳು.

ಹೊಳೆಪ್ಪ ಮಷೀನ್ ಆರಿಸಿ ಕ್ರಿಸ್ಟಲ್ಲಿನ ಕಡೆ ಬಾಗಿದ. "ಬೆಸುಗಿ ನೋಡ್ರಿ. ಕೈ ಭಾಳ ಚೊಲೊ ಐತಿ." ಹೊಗಳುತ್ತಲೇ ಅವನಿಗೆ ಸತ್ತವನ ಮೇಲೆ ಹೊಟ್ಟೆಕಿಚ್ಚಾಯಿತು. ಆಗ ಕಂಡಿತು: ಕ್ರಿಸ್ಟಲ್ಲಿನ ಪಕ್ಕ, ಬೆಸೆಯುವಾಗ ಹಚ್ಚಿದ ರಾಳ ಒಣಗಿ ಗಟ್ಟಿಯಾದಲ್ಲಿ, ಒಂದು ಹೆಬ್ಬೆಟ್ಟಿನ ಗುರುತು. ಗೆರೆ ಗೆರೆಯೂ ಸ್ಪಷ್ಟ.

ಗೌರಕ್ಕ ಟಾರ್ಚು ಹತ್ತಿರ ತಂದಳು. ಅವಳ ಉಸಿರು ಅವನ ಕಿವಿಗೆ ತಾಗುವಷ್ಟು ಹತ್ತಿರ. ಅವಳು ನೋಡುತ್ತಿದ್ದದ್ದು ಅವನನ್ನಲ್ಲ.

"ಇದನ್ನ ಒರಸ್ತೀರೇನ್ರಿ?"

"ಇಲ್ರಿ. ಅದರಿಂದ ಏನೂ ತ್ರಾಸಿಲ್ಲ."

ಅಂದು ಸಂಜೆ ಗಾಡಿಯಲ್ಲಿ ಕಿಟಕಿಯ ಬಾಜು ಕುಳಿತ ಹೊಳೆಪ್ಪ ದಾರಿಯುದ್ದಕ್ಕೂ ತನ್ನ ಹೆಬ್ಬೆರಳನ್ನೇ ನೋಡಿಕೊಂಡ.

*

ಧೂಳು ಹೋಯಿತು. ಆದರೂ ಮಷೀನ್ ಮಧ್ಯಾಹ್ನ ನಿಲ್ಲುತ್ತಲೇ ಇತ್ತು, ಅನ್ನವ್ವ ಚಾ ಇಡುತ್ತಲೇ ಇದ್ದಳು. ಹೊಳೆಪ್ಪ ಪ್ರತಿ ವಾರ ಬಂದ. ಒಂದು ಸಲ ಸ್ಟೆಬಿಲೈಜರ್ ತಂದ. ಇನ್ನೊಂದು ಸಲ ಏನೂ ತರದೆ ಬಂದ.

"ಇವತ್ತ ಏನ ರಿಪೇರಿ?" ಎಂದು ಕೇಳಿದಳು ಗೌರಕ್ಕ, ಪರದೆಯಿಂದ ಕಣ್ಣು ತೆಗೆಯದೆ.

"ನೋಡಿ ಹೇಳ್ತೀನ್ರಿ."

"ಬಂದಾಗಿಂದ ಮಷೀನ್ ಕಡೆ ಒಮ್ಮೆರ ನೋಡೀರೇನು?"

ಅವನ ಕಿವಿಗಳು ಕೆಂಪಾದವು.

ಅಂದು ಅನ್ನವ್ವ ಮಠಕ್ಕೆ ಹೋಗಿದ್ದಳು. ತಗಡಿನ ಮಾಡು ಕಾದು ಚಟಚಟ ಅನ್ನುತ್ತಿತ್ತು. ಹೊತ್ತು ಎರಡರ ಮೇಲಾಗಿತ್ತು. ಹೊಳೆಪ್ಪ ಎದ್ದು ಶಾಲನ್ನು ತೆಗೆದು ಕುರ್ಚಿಯ ಮೇಲಿಟ್ಟ. ಅದರ ಕೆಳಗೆ, ಡಬ್ಬಿಯ ಪಕ್ಕದಲ್ಲಿ, ಗಾಳಿಗೆಂದು ಬಿಟ್ಟ ಸಾಲು ಸಾಲು ಸೀಳುಗಳಿದ್ದವು. ಅಷ್ಟು ದಿನ ಬರೇ ಒಳಗಿನದನ್ನು ಹುಡುಕಿದ್ದ ಅವನು, ಹೊರಗಿನದನ್ನು ನೋಡಿರಲಿಲ್ಲ. ಸತ್ತವನ ಬಟ್ಟೆ ಮುಟ್ಟಲು ಅಂಜಿ, ಅದನ್ನು ತೆಗೆಯುವುದು ಹೊದಿಸುವುದು ಎರಡನ್ನೂ ಗೌರಕ್ಕನಿಗೇ ಬಿಟ್ಟಿದ್ದ.

ಮೂರಾಯಿತು. ಮೂರೂವರೆಯಾಯಿತು. ಕಂಪ್ಯೂಟರ್ ನಿಲ್ಲಲಿಲ್ಲ.

ಹೊರಗೆ ಅನ್ನವ್ವನ ಧ್ವನಿ ಕೇಳಿತು. ಗೌರಕ್ಕ ತಟ್ಟನೆ ಎದ್ದು ಶಾಲನ್ನು ಮತ್ತೆ ಮಷೀನಿಗೆ ಹೊದಿಸಿದಳು. ಅಭ್ಯಾಸದ ಕೈ. ಸೀಳುಗಳು ಸರಿಯಾಗಿ ಮುಚ್ಚುವ ಹಾಗೆ.

ಹೊಳೆಪ್ಪ ನೋಡಿದ. ಅರ್ಥವಾಯಿತು.

"ನಿಮಗ ಗೊತ್ತಿತ್ತು."

ಅವಳು ಶಾಲಿನ ಅಂಚು ಹಿಡಿದು ನಿಂತಳು.

"ಸೆಕಿಗೆ ನಿಲ್ತೈತಿ ಅಂತ ಗೊತ್ತಿತ್ತು. ಚಾ ಆರೂದರಾಗ ಮಷೀನೂ ಆರತೈತಿ, ಅದಕ್ಕ ಚಾಲೂ ಆಕ್ಕೈತಿ ಅಂತನೂ ಗೊತ್ತಿತ್ತು."

"ಅವರ ಬಾಜು ಕುಂತು ಕಲಿತಾಕಿ ನಾನು," ಅಂದಳು ಮೆಲ್ಲಗೆ. "ನನಗ ಗೊತ್ತಿರೂದಿಲ್ಲೇನ್ರಿ? ಮೊದಲನೇ ದಿನ ನಿಂತಾಗ ಶಾಲ ತಗದ ಇಡಬೇಕಂದೆ. ಅಷ್ಟರಾಗ ಅತ್ತಿ ಚಾ ತಂದಿಟ್ರು. ನಮ್ಮ ಮನಿಯವರು ತೀರಿಕೊಂಡ ಮ್ಯಾಲ ಅತ್ತಿ ಮೊದಲನೇ ಸಲ ನಕ್ಕಿದ್ದು ಅವತ್ತ. ಹೆಂಗ ತಗೀಲ್ರಿ?"

"ನೀವೂ ನಿಮ್ಮ ಮನಿಯವರ ಸಲುವಾಗಿ ಕುಂಡ್ರತೀರೇನು?"

"ಗೊತ್ತಿದ್ದೂ ಕುಂಡ್ರತೇನಿ. ಆ ಹೊತ್ತಿನಾಗ ಯಾರೂ ಮಾತಾಡೂದಿಲ್ಲ. ಅವರ ಖುರ್ಚಿ ತುಂಬಿದಂಗ ಅನಸ್ತೈತಿ." ಖಾಲಿ ಕುರ್ಚಿಯ ಕಡೆ ನೋಡಿ ಹೇಳಿದಳು, "ಈಗೀಗ ಖುರ್ಚಿನ್ಯಾಗ ಅವರ ಮಾರಿ ಸರಿಯಾಗಿ ಕಾಣೂದಿಲ್ಲ. ಅದಕ್ಕ ಅಂಜಿಕಿ ಆಗೇತಿ."

"ಯಾರ ಮಾರಿ ಕಾಣತೈತಿ?"

ಗೌರಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಅದೇ ಉತ್ತರ. ಆಮೇಲೆ ಕಣ್ಣು ತಗ್ಗಿಸಿದಳು.

ಹೊಳೆಪ್ಪನಿಗೆ ಹೇಳಬೇಕೆನಿಸಿದ್ದು ಒಂದು. ಹೇಳಿದ್ದು ಬೇರೆ. "ಹಿಂಗ ದಿನಾ ಕಾದ್ರ ಪ್ರೊಸೆಸರ್ ಈ ಬ್ಯಾಸಿಗಿ ದಾಟೂದಿಲ್ರಿ. ಆಮ್ಯಾಲ ಎಷ್ಟ ಚಾ ಇಟ್ರೂ ಏಳೂದಿಲ್ಲ. ಹಳೇ ಕ್ರಿಸ್ಟಲ್ ಹಾಕಿ ಓಟ ಕಡಿಮಿ ಮಾಡಬಹುದು, ಶಾಲೂ ಇರಲಿ, ಮಷೀನೂ ಇರಲಿ."

"ಆ ಹೆಬ್ಬಟ್ಟ ಹೋಕ್ಕೈತಿ."

"ಹೋಕ್ಕೈತ್ರಿ."

"ಓಟ ಕಡಿಮಿ ಮಾಡಬ್ಯಾಡ್ರಿ," ಅಂದಳು. "ಶಾಲ ತಗೀರಿ ಅಂತ ಅತ್ತಿಯವರಿಗೆ ನಾ ಹೇಳಲಾರೆ. ನೀವ ಹೇಳ್ರಿ. ಆದ್ರ ನಿಮ್ಮ ಮಗ ಬರೂದಿಲ್ಲ ಅಂತ ಮಾತ್ರ ಹೇಳಬ್ಯಾಡ್ರಿ."

*

ಮುಂದಿನ ವಾರ ಹೊಳೆಪ್ಪ ಒಂದು ಸಣ್ಣ ಫ್ಯಾನು, ಹಳೆಯ ಆಂಪ್ಲಿಫೈಯರಿನಿಂದ ಕಿತ್ತ ಅಲ್ಯುಮಿನಿಯಂ ತಗಡು, ಒಂದು ತುಂಡು ಮಲಮಲ್ ಬಟ್ಟೆ ತಂದ. ತಗಡನ್ನು ಪ್ರೊಸೆಸರ್ ತಲೆಗೆ ಕೂಡಿಸಿದ, ಬಿಸಿ ಎಳೆದುಕೊಳ್ಳಲೆಂದು. ಎದುರಿಗೆ ಫ್ಯಾನು ಹಚ್ಚಿದ. ಧೂಳು ತಡೆಯಲು ಗಾಳಿ ಬರುವ ಕಡೆ ಮಲಮಲ್ ಕಟ್ಟಿದ. ವಾರಕ್ಕೊಮ್ಮೆ ಒಗೆದು ಕಟ್ಟಬೇಕು ಅಂದ.

ಶಾಲು ಮಾತ್ರ ಹಾಗೇ ಇತ್ತು. ಮೂರು ಗಂಟೆ ಹತ್ತು ನಿಮಿಷಕ್ಕೆ ಅನ್ನವ್ವ ಚಾ ತಂದಳು.

"ಅವ್ವಾರ," ಅಂದ ಹೊಳೆಪ್ಪ. "ಇಲ್ಲೆ ಕೈ ಇಡ್ರಿ ಸ್ವಲ್ಪ."

ಅವಳ ಕೈಯನ್ನು ಶಾಲಿನ ಅಡಿಗೆ, ಡಬ್ಬಿಯ ಮೇಲೆ ಇರಿಸಿದ. ಜ್ವರ ಬಂದವನ ಹಣೆಯ ಹಾಗೆ ಕಾದಿತ್ತು. ಅನ್ನವ್ವ ಕೈ ತೆಗೆಯಲಿಲ್ಲ.

"ಒಳಗ ಭಾಳ ಸೆಕಿ ಐತ್ರಿ," ಅಂದ. ಅದಕ್ಕಿಂತ ಹೆಚ್ಚು ಒಂದು ಮಾತೂ ಅನ್ನಲಿಲ್ಲ.

ಹೊರಗೆ ಜಿನ್ ಗುಡುಗುಡು ಅನ್ನುತ್ತಿತ್ತು. ಗೌರಕ್ಕ ಬೆರಳುಗಳನ್ನು ಕೀಬೋರ್ಡಿನ ಮೇಲಿಟ್ಟುಕೊಂಡು ಒತ್ತದೆ ಕುಳಿತಿದ್ದಳು.

"ಸಣ್ಣಂವ ಇದ್ದಾಗಿಂದ ಅಂವಗ ಸೆಕಿ ಆಗಿ ಬರತಿರಲಿಲ್ಲ," ಅಂದಳು ಅನ್ನವ್ವ. "ಚಳಿಯೊಳಗೂ ಹೊಚಗಿ ಒದ್ದು ಮಲಗಾಂವ." ಸೊಸೆಯ ಕಡೆ ತಿರುಗಿದಳು. "ನಿನಗಾದರೂ ತಿಳೀಬಾರದೇನ ಗೌರವ್ವಾ? ಕೂಸಿಗೆ ಬ್ಯಾಸಿಗ್ಯಾಗ ಶಾಲ ಹೊಚ್ಚಿ ಕುಂತೇವಲ್ಲ."

ಅವಳೇ ಶಾಲು ತೆಗೆದಳು. ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತಳು. ಫ್ಯಾನು ಸಣ್ಣಗೆ ಗುಂಯ್‌ಗುಟ್ಟಿತು. ಗಡಿಯಾರದ ಮುಳ್ಳು ಮೂರೂಕಾಲು ದಾಟಿತು. ಪರದೆಯ ಹಸಿರು ಅಂಕಿಗಳು ಓಡುತ್ತಲೇ ಇದ್ದವು. ಮೂವರೂ ಅವುಗಳನ್ನೇ ನೋಡುತ್ತಿದ್ದರು, ಗಾಡಿ ಹೋದ ಮೇಲೂ ಹಳಿ ನೋಡುವವರ ಹಾಗೆ.

"ಬರಲಿಲ್ಲ," ಅಂದಳು ಅನ್ನವ್ವ.

ಅವಳು ಕಪ್ಪಿನ ಕಡೆ ನೋಡಿದಳು. ಇನ್ನೂ ಸಣ್ಣಗೆ ಹಬೆಯಾಡುತ್ತಿತ್ತು. ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿ, ಮಷೀನಿನ ಬಾಜುವಿನಿಂದ ಹೊಳೆಪ್ಪನ ಮುಂದೆ ಸರಿಸಿದಳು.

"ಕುಡಿಯಪಾ. ಆರತೈತಿ."

ಹೊಳೆಪ್ಪ ಗೌರಕ್ಕನ ಮುಖ ನೋಡಿದ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವಳು ಹೌದು ಅನ್ನುವಂತೆ ರೆಪ್ಪೆ ಮುಚ್ಚಿ ತೆರೆದಳು. ಅವನು ಕಪ್ಪು ತೆಗೆದುಕೊಂಡು ಕುಡಿದ. ಸಕ್ಕರೆ ಬಹಳವಾಗಿತ್ತು. ಸತ್ತವನ ರುಚಿಗೆ ಹಾಕಿದ್ದು. ಒಂದು ಹನಿಯೂ ಬಿಡದೆ ಕುಡಿದ.

*

ವಿಧವೆಗೆ ಎರಡನೆಯ ಸಲ ಸೀರೆ ಉಡಿಸಿ ಮದುವೆ ಮಾಡುವುದಕ್ಕೆ ಆ ಕಡೆ ಉಡಿಕಿ ಅನ್ನುತ್ತಾರೆ. ಗೌರಕ್ಕ ಮತ್ತು ಹೊಳೆಪ್ಪನ ಉಡಿಕಿ ಅದೇ ವರ್ಷದ ಡಿಸೆಂಬರಿನಲ್ಲಿ, ಕುಬೇರಪ್ಪನವರ ಮನೆಯಲ್ಲಿಯೇ ಆಯಿತು. ಸೀರೆ ತಂದವಳು ಅನ್ನವ್ವ. ಹೊಳೆಪ್ಪನ ಕಡೆಯವರು ದುಮ್ಮವಾಡದಿಂದ ಒಂದು ಟ್ರ್ಯಾಕ್ಟರಿನಲ್ಲಿ ಬಂದಿದ್ದರು.

ಮರುದಿನ ಗಂಡ ಹೆಂಡತಿ ಇಬ್ಬರೂ ಆಫೀಸಿನಲ್ಲಿದ್ದಾಗ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಕಂಪ್ಯೂಟರ್ ನಿಂತಿತು.

ಹೊಳೆಪ್ಪ ಮುಚ್ಚಳ ಬಿಚ್ಚಿ ಪ್ರೊಸೆಸರ್ ಮುಟ್ಟಿ ನೋಡಿದ. ತಣ್ಣಗಿತ್ತು. ಫ್ಯಾನು ತಿರುಗುತ್ತಿತ್ತು, ಮಲಮಲ್ ಹಿಂದಿನ ದಿನವಷ್ಟೇ ಒಗೆದದ್ದು, ಕರೆಂಟೂ ಸರಿಯಿತ್ತು. ಕಾರಣ ಸಿಗಲಿಲ್ಲ. "ಗೌರೀ," ಅಂದ.

ಅವಳು ಸ್ವಿಚ್ ಆರಿಸಿ ಅತ್ತೆಯನ್ನು ಕರೆದಳು. ಅನ್ನವ್ವ ಚಾ ತಂದಿಟ್ಟಳು. ಮೂವರೂ ಮಾತಾಡದೆ ಕುಳಿತರು.

ಚಾ ಆರಿದ ಮೇಲೆ ಗೌರಕ್ಕ ಸ್ವಿಚ್ ಹಾಕಿದಳು. ಕಂಪ್ಯೂಟರ್ ಚಾಲೂ ಆಯಿತು. ಆಮೇಲೆ ಅದು ಮಧ್ಯಾಹ್ನದ ಹೊತ್ತು ಮತ್ತೆಂದೂ ನಿಲ್ಲಲಿಲ್ಲ.