ಕಳೆದ ವರ್ಷದ ತೂಕ

‘ಶಹಬ್ಬಾಸ್! ನಿಮ್ಮ ತೂಕ ಸರಿಯಾಗಿದೆ’ ಎಂದಿತು ಕಂಪ್ಯೂಟರ್.

ಅದರ ಕಪಾಳಕ್ಕೆ ಹೊಡೆಯಬೇಕು ಅನಿಸಿತು. ಅದಕ್ಕೆ ಕಪಾಳವಿಲ್ಲ. ಆ ಸಾಲು ಬರೆದವನ ಕಡೆ ತಿರುಗಿದೆ.

ಅವನು ಪಕ್ಕದ ಕುರ್ಚಿಯಲ್ಲೇ ಇದ್ದ. ಸಾರ್ಪಾಂಗ್, ಹುಡುಗರ ಹೈಸ್ಕೂಲಿನ ವ್ಯಾಯಾಮದ ಮೇಷ್ಟ್ರು. ಹೊಗಳಿಕೆಗೆ ಕಾಯುತ್ತಿದ್ದ ಮುಖ. ಕುಮಾಸಿ ಊರಿನ ನಮ್ಮ ಚರ್ಚಿನ ಮಹಡಿಯಲ್ಲಿ ಶನಿವಾರ ನಡೆಯುವ ಪ್ರೋಗ್ರಾಮಿಂಗ್ ಕ್ಲಾಸಿಗೆ ನಾವಿಬ್ಬರೂ ಹೊಸಬರು. ಇಬ್ಬರಿಗೊಂದು ಕೀಬೋರ್ಡ್, ಒಬ್ಬರು ಹೇಳಬೇಕು, ಇನ್ನೊಬ್ಬರು ಟೈಪ್ ಮಾಡಬೇಕು. ಡುಫಿಯೆ ಮೇಡಂ ಕೊಟ್ಟ ಮೊದಲ ಕೆಲಸ, ಎತ್ತರ ಮತ್ತು ತೂಕ ಕೊಟ್ಟರೆ ಮೈ ಹೇಗಿದೆ ಎಂದು ಹೇಳುವ ಕ್ಯಾಲ್ಕುಲೇಟರ್. ಚರ್ಚಿನ ಆರೋಗ್ಯ ಮೇಳದಲ್ಲಿ ಅದನ್ನು ಇಡುವುದಿತ್ತು.

"ಈ ಶಹಬ್ಬಾಸ್ ಯಾರಿಗೆ, ಮೇಷ್ಟ್ರೇ?"

"ನಿಮಗೇ, ಸಿಸ್ಟರ್. ಎತ್ತರಕ್ಕೆ ತಕ್ಕ ತೂಕ."

"ನಾನು ಓಡಿ ಇಳಿಸಿದ್ದಲ್ಲ."

ಆಗ ಅವನು, ಗಂಡ ಹೋದವಳು ವರ್ಷ ತುಂಬುವವರೆಗೆ ಉಡುವ ನನ್ನ ಕಪ್ಪು ಬಟ್ಟೆಯನ್ನು ಸರಿಯಾಗಿ ನೋಡಿದ. ನೋಡಿ, ಕಣ್ಣು ತಗ್ಗಿಸಿದ.

ನನ್ನ ಗಂಡ ಒಫೊಸು ಲಾರಿ ಅಪಘಾತದಲ್ಲಿ ಹೋದ. ಆಮೇಲೆ ನನಗೆ ಊಟ ಸೇರಲಿಲ್ಲ. ನಮ್ಮಲ್ಲಿ ‘ದಪ್ಪಗಾಗಿದ್ದೀಯ’ ಎಂದರೆ ಹೊಗಳಿಕೆ. ನನಗೀಗ ಯಾರೂ ಹಾಗೆನ್ನುವುದಿಲ್ಲ. ಅವತ್ತು ಬೆಳಿಗ್ಗೆ ಜೋಳದ ಹಿಟ್ಟಿನ ಕೆಂಕಿ ಮಾರುವವಳು ಪೊಟ್ಟಣವನ್ನು ಕೈಗೆ ಕೊಡದೆ ಹಲಗೆಯ ಮೇಲಿಟ್ಟಿದ್ದಳು. ನನಗೆ ಅಂಟುರೋಗವಿದೆ ಎಂದು ಒಫೊಸುವಿನ ದೊಡ್ಡಮ್ಮ ಬಿರಾಗೊ ಮಾರುಕಟ್ಟೆಯಲ್ಲೆಲ್ಲ ಹೇಳಿದ್ದಳು. ಅವಳ ಪ್ರಕಾರ ನಾನು ಸಾಯುತ್ತಿದ್ದೆ. ಈ ಯಂತ್ರದ ಪ್ರಕಾರ ಗಟ್ಟಿಮುಟ್ಟಾಗಿದ್ದೆ. ಇಬ್ಬರೂ ನನ್ನನ್ನು ಏನೂ ಕೇಳಿರಲಿಲ್ಲ.

ಕಳೆದ ವರ್ಷದ ತೂಕವನ್ನೂ ಕೇಳುವ ಹಾಗೆ ಮಾಡಿ ಎಂದೆ. ಸೂತ್ರದಲ್ಲಿ ಅದಿಲ್ಲ ಎಂದ.

"ಸೂತ್ರ ಬರೆದವನ ಮನೆಯಲ್ಲಿ ಯಾರೂ ಸತ್ತಿರಲಿಲ್ಲವೇ?"

ಅವನು ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡ. ಹೊಸ ಸಾಲೊಂದನ್ನು ಟೈಪ್ ಮಾಡತೊಡಗಿದ.

ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದ. ಪ್ರತಿ ಅಕ್ಷರವನ್ನೂ ಸಂತೆಯಲ್ಲಿ ಕಳೆದುಹೋದ ಮಗುವಿನಂತೆ ಹುಡುಕುತ್ತಿದ್ದ. ಆ ಬೆರಳಿನ ಗೆಣ್ಣಿನ ಮೇಲೆ ಹಳೆಯ ಗಾಯದ ಗುರುತಿತ್ತು. ಅದನ್ನು ನಾನು ಗಮನಿಸಿದ್ದೇಕೆ ಎಂದು ನನ್ನ ಮೇಲೇ ಸಿಟ್ಟು ಬಂತು.

ಮುಂದಿನ ಶನಿವಾರಗಳೆಲ್ಲ ಜಗಳ. ನಮ್ಮ ಪ್ರೋಗ್ರಾಂ ಅಂಕಿಯನ್ನು ಅಕ್ಷರವೆಂದು ಓದಿ, ಹಳೆಯ ತೂಕದಿಂದ ಹೊಸದನ್ನು ಕಳೆಯುವುದಿಲ್ಲ ಎಂದು ಹಟ ಹಿಡಿಯಿತು. ಅದು ಸರಿಹೋದ ಮೇಲೆ ಷರತ್ತುಗಳು ಹಿಂದುಮುಂದಾಗಿ, ಗುಂಡಗಿನ ಡುಫಿಯೆ ಮೇಡಮ್ಮಿಗೂ ಕಡ್ಡಿಯಂಥ ಚರ್ಚಿನ ಕಾವಲುಗಾರನಿಗೂ ಒಂದೇ ಶಹಬ್ಬಾಸ್ ಹೇಳಿತು. ತಪ್ಪು ನಿಮ್ಮದು ಎಂದೆ. ಹೇಳಿದ್ದು ನೀವು, ನಾನು ಬರೀ ಬೆರಳು ಎಂದ.

ನೆರೆಯವರು ತಿನ್ನು, ತಿನ್ನು ಎಂದು ನನ್ನ ಜೀವ ತಿನ್ನುತ್ತಿದ್ದರು. ಅವನು ಮಾತ್ರ ಹಾಗೆನ್ನಲಿಲ್ಲ. ಸುಟ್ಟ ಬಾಳೆಕಾಯಿ, ಶೇಂಗಾ ತಂದು ನಡುವೆ ಇಡುತ್ತಿದ್ದ. ಅರ್ಧ ತಿಂದು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದ. ಒಂದು ಶನಿವಾರ ನಾನು ಉಳಿದದ್ದನ್ನು ತಿಂದೆ. ಅವನು ತಿರುಗಲಿಲ್ಲ. ಆದರೆ ಹಿಂದಿನಿಂದ ನೋಡಿದರೂ ಅವನು ನಗುತ್ತಿದ್ದದ್ದು ಅವನ ಕಿವಿಗಳು ಮೇಲೇರಿದ್ದರಿಂದ ಗೊತ್ತಾಗುತ್ತಿತ್ತು.

ತೂಕ ತುಂಬಾ ಇಳಿದಿದ್ದರೆ ಪರದೆಯ ಮೇಲೆ ಏನು ಬರಬೇಕು? ಮೇಡಂ ‘ಎಚ್ಚರಿಕೆ’ ಎಂದರು. ನಾನು ಬೇಡವೆಂದೆ. ಆ ಸಾಲನ್ನು ನನಗೆ ಬಿಡಿ ಎಂದ ಸಾರ್ಪಾಂಗ್.

ಮೇಳದ ದಿನ ಚರ್ಚಿನ ಅಂಗಳದಲ್ಲಿ ನಮ್ಮ ಮೇಜಿನ ಮುಂದೆ ಹೆಂಗಸರ ಸಾಲಿತ್ತು. ಬಿರಾಗೊ ಅತ್ತೆ ಬಂದು ಎಲ್ಲರಿಗೂ ಕೇಳುವ ಹಾಗೆ ಶುರು ಮಾಡಿದಳು.

"ನನ್ನ ಮಗ ಹೋಗಿ ವರ್ಷ ತುಂಬಿಲ್ಲ. ಇವಳು ಆಗಲೇ ಇನ್ನೊಬ್ಬನ ಮಗ್ಗುಲಲ್ಲಿ ಕೂತಿದ್ದಾಳೆ. ಮೇಷ್ಟ್ರೇ, ಹುಷಾರು. ಇವಳಿಗಿರೋದು ನಿಮಗೂ ಅಂಟುತ್ತೆ."

ಸಾಲು ಹಿಂದೆ ಸರಿಯಿತು. ತೂಕದ ಯಂತ್ರದ ಮೇಲಿದ್ದವಳೂ ಇಳಿದಳು. ಅವತ್ತು ನಾನು ಎದ್ದು ಹೋಗಿದ್ದರೆ ಈ ಊರಿನಲ್ಲಿ ಮತ್ತೆ ಯಾರ ಪಕ್ಕದಲ್ಲೂ ಕೂರುವಂತಿರಲಿಲ್ಲ. ಸಾರ್ಪಾಂಗ್ ಅರ್ಧ ಎದ್ದ.

"ಕೂತ್ಕೊಳ್ಳಿ," ಎಂದೆ. "ಟೈಪ್ ಮಾಡಿ."

ಯಂತ್ರದ ಮೇಲೆ ನಿಂತೆ. ಎತ್ತರ ಹೇಳಿದೆ. ತೂಕ ಹೇಳಿದೆ. ಕಳೆದ ವರ್ಷದ್ದನ್ನು ದೊಡ್ಡ ದನಿಯಲ್ಲಿ ಹೇಳಿದೆ. ಅವನ ಬೆರಳು ಒಂದೊಂದೇ ಅಂಕಿ ಹುಡುಕಿತು. ಪರದೆಯ ಮೇಲೆ ಬಂದದ್ದನ್ನು ಡುಫಿಯೆ ಮೇಡಂ ಓದಿದರು.

"ಕೂತುಕೊಳ್ಳಿ. ನೀರು ಕುಡಿಯಿರಿ. ಏನು ಸುದ್ದಿ, ಹೇಳಿ."

ಅದು ನಾವು ಮನೆಗೆ ಬಂದವರಿಗೆ ಹೇಳುವ ಮಾತು. ಮೊದಲು ಕುರ್ಚಿ, ಆಮೇಲೆ ನೀರು, ಆಮೇಲೆ ಸುದ್ದಿ. ಒಮ್ಮೆ ಕೇಳಿದ ಮೇಲೆ, ಬಂದವರು ಹೇಳಿ ಮುಗಿಸುವವರೆಗೆ ಯಾರೂ ಬಾಯಿ ಹಾಕುವಂತಿಲ್ಲ. ಹಿರಿಯರೂ.

ಯಾರೋ ಕುರ್ಚಿ ತಳ್ಳಿದರು. ಹಿಂದೆ ಸರಿದಿದ್ದವಳೊಬ್ಬಳು ನೀರಿನ ಪಾಕೀಟು ತಂದು ಕೈಗೇ ಕೊಟ್ಟಳು. ಕುಡಿದೆ.

"ಸುದ್ದಿ ಇಷ್ಟೇ, ಅತ್ತೆ. ನಿಮ್ಮ ಮಗ ಹೋದ. ನನಗೆ ಹಸಿವಾಗಲಿಲ್ಲ. ನೀವು ಅದನ್ನ ರೋಗ ಅಂದ್ರಿ. ನನ್ನ ಮನೆ ಬಾಗಿಲಿಗೆ ಬಂದು ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ಮಾರುಕಟ್ಟೆಯವರನ್ನ ಯಾಕೆ ಕೇಳಿದ್ರಿ?"

ಅತ್ತೆ ತಲೆವಸ್ತ್ರ ಸರಿಮಾಡಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತಳು. ಕ್ಷಮೆ ಕೇಳಲಿಲ್ಲ. ನಾನೂ ಕ್ಷಮಿಸಲಿಲ್ಲ. ಆದರೆ ಅವಳ ಮುಂದಿದ್ದವರು ಒಬ್ಬೊಬ್ಬರಾಗಿ ಮತ್ತೆ ಮೇಜಿಗೆ ಬಂದರು.

ಸಂಜೆ ವೈರುಗಳನ್ನು ಸುತ್ತುತ್ತಿದ್ದ ಸಾರ್ಪಾಂಗನ ಎದುರು ನಿಂತೆ.

"ನನ್ನನ್ನ ಕೇಳದೆ ಯಾಕೆ ಬರೆದ್ರಿ?"

"ಕೇಳಿದ್ರೆ ಜಗಳ ಆಡ್ತಿದ್ರಿ."

"ಈಗ ಆಡ್ತಿಲ್ವಾ?"

ಅವನು ವೈರನ್ನು ಕೆಳಗಿಟ್ಟ. ಮೊದಲ ಸಲ ಹೆಸರು ಹಿಡಿದು ಕರೆದ.

"ಪೊಕುವಾ, ನಿಮ್ಮ ಜೊತೆ ಜಗಳ ಆಡೋಕೆ ನನಗೆ ಶನಿವಾರ ಒಂದೇ ದಿನ ಸಾಲಲ್ಲ."

ನಾನು ಅವನನ್ನು ದುರುಗುಟ್ಟಿ ನೋಡಿದೆ. ಎಷ್ಟೋ ತಿಂಗಳಿಂದ ಮರಗಟ್ಟಿದ್ದ ಎದೆಯೊಳಗೆ ಏನೋ ಚುರುಕ್ಕೆಂದಿತು. ಅದಕ್ಕೂ ಸಿಟ್ಟು ಬಂತು.

"ಈ ಕಪ್ಪು ಬಟ್ಟೆ ಇಳಿಸೋವರೆಗೂ ನನ್ನನ್ನ ಏನೂ ಕೇಳಬೇಡಿ."

"ಆಮೇಲೆ?"

"ಆಮೇಲೆ ಕೇಳದೆ ಇದ್ರೆ, ಇದೆ ನಿಮಗೆ."