ತಿರುಗಿ ನೋಡದ ಡ್ರೈವರ್

ಅರಮನೆಯ ದೊಡ್ಡ ಮೆಟ್ಟಿಲ ನಡುವೆ ಅವಳು ನಿಂತೇಬಿಟ್ಟಳು.

'ಇವರು ಒಂದು ಸಲ ಹಿಂದೆ ತಿರುಗಿ ನೋಡೋವರೆಗೂ ಅಲ್ಲಾಡಲ್ಲ. ಏನಾಗುತ್ತೋ ಆಗಲಿ.'

ಗಂಡ ಮುಂದೆ ಹತ್ತುತ್ತಿದ್ದ. ಮೈಮೇಲಿದ್ದ ನೀಲಿ ಅಂಗಿ ಅವಳೇ ಹೊಲಿದದ್ದು. ಟೈಲರ್ ಅವಳು. ಆ ಬೆನ್ನಿನ ಅಳತೆಯನ್ನು ಟೇಪು ಹಿಡಿಯದೆ ಹೇಳಬಲ್ಲಳು. ಹೇಳದೆ ಏನು ಮಾಡ್ತಾಳೆ, ಮದುವೆಯಾಗಿ ವರ್ಷ ತುಂಬುತ್ತಾ ಬಂತು, ಮುಖಕ್ಕಿಂತ ಹೆಚ್ಚಾಗಿ ಕಂಡಿದ್ದು ಅದನ್ನೇ! ಮಾರ್ಕೆಟ್ಟಿಗೆ ಹೋದರೂ ಅವನು ಮುಂದೆ, ನೆಂಟರ ಮನೆಗೆ ಹೋದರೂ ಅವನು ಮುಂದೆ.

"ನನ್ನ ಮಗ ಮಾತು ಕಮ್ಮಿ, ಮನಸ್ಸು ಬಂಗಾರ," ಅಂತ ಅತ್ತೆ ಹೇಳಿದ್ದರು. ಬಂಗಾರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಸೊಸೆಗೇನು ಗೊತ್ತಾಗಬೇಕು, ನೀವೇ ಹೇಳಿ.

ಅವನು ಬಸ್ ಡ್ರೈವರ್. ಇಷ್ಟು ವರ್ಷದಲ್ಲಿ ಒಂದು ಗೀರೂ ಬೀಳದಂತೆ ಬಸ್ಸು ಓಡಿಸಿದ್ದಕ್ಕೆ ಕಂಪನಿಯವರು ಇಬ್ಬರಿಗೆ ಈ ವಿದೇಶ ಪ್ರವಾಸದ ಬಹುಮಾನ ಕೊಟ್ಟಿದ್ದರು. "ಬರ್ತೀಯಾ?" ಅಂದಿದ್ದ, ಅಷ್ಟೇ.

ಇಬ್ಬರ ಟಿಕೆಟ್ ಅಂತ ಕರೆದರೋ, ನಾನು ಬೇಕು ಅಂತ ಕರೆದರೋ? ಅವಳಿಗೆ ಅದೊಂದೇ ಕೊರಗು.

ಬೇರೆ ಊರಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅಕ್ಕ ನಿನ್ನೆ ಫೋನಿನಲ್ಲಿ ಪಟ್ಟು ಹಿಡಿದಿದ್ದಳು. "ನಿನ್ನನ್ನ ಕಣ್ಣೆತ್ತಿ ನೋಡದವರ ಮನೇಲಿ ಏನೇ ಮಾಡ್ತೀಯಾ? ಬಂದು ನನ್ನ ಜೊತೆ ಇರು. ನಾಳೆ ಸಂಜೆಯೊಳಗೆ ಹೇಳು, ಇಲ್ಲಾಂದ್ರೆ ಅಂಗಡಿಗೆ ಬೇರೆಯವರನ್ನ ಇಟ್ಕೋತೀನಿ."

ಆ ನಾಳೆ ಇವತ್ತೇ. ಅರಮನೆಯಿಂದ ಹೊರಗೆ ಹೋಗುವಷ್ಟರಲ್ಲಿ ಇವರು ತಿರುಗಿ ನೋಡಬೇಕು. ಇಲ್ಲವಾದರೆ ಅಕ್ಕನ ಮನೆಗೆ. ಅವಳು ತೀರ್ಮಾನಿಸಿಯಾಗಿತ್ತು.

ಆದರೆ ಇದೇನಿದು... ಮೇಲಿನ ಮೆಟ್ಟಿಲಲ್ಲಿ ಅವನೂ ನಿಂತಿದ್ದ. ಆಳೆತ್ತರದ ಕಿಟಕಿಯ ಕಡೆ ಮುಖ ಮಾಡಿಕೊಂಡು, ಸುಮ್ಮನೆ.

ಅವಳು ಒಂದು ಮೆಟ್ಟಿಲು ಹತ್ತಿದಳು. ಅವನೂ ಹತ್ತಿದ.

'ಕಾಕತಾಳೀಯ,' ಅಂದುಕೊಂಡಳು. ಹಿಂದಿನಿಂದ ಪ್ರವಾಸಿಗರ ದಂಡು ನುಗ್ಗಿ ಬಂದಿದ್ದರಿಂದ ಪಂತವನ್ನು ಅಲ್ಲಿಗೇ ಬಿಟ್ಟು ಹತ್ತಬೇಕಾಯಿತು.

ಮೇಲೆ ರಾಣಿಯ ಮಲಗುವ ಕೋಣೆ. ಚಿನ್ನದ ಬಣ್ಣದ ಮಂಚ, ಗಾಜಿನ ಪೆಟ್ಟಿಗೆಯೊಳಗೆ ರಾಣಿಯ ರೇಷ್ಮೆ ನಿಲುವಂಗಿ. ಬೇರೆ ದಿನವಾಗಿದ್ದರೆ ಆ ತೋಳಿನ ನೆರಿಗೆ ಹೇಗೆ ಹಿಡಿದಿದ್ದಾರೆ ಅಂತ ಗಂಟೆಗಟ್ಟಲೆ ನೋಡುತ್ತಿದ್ದಳು. ಇವತ್ತು ಮನಸ್ಸಿಲ್ಲ. ಮೂಲೆಯಲ್ಲಿ ನಿಂತು ಹೊಸ ಚಪ್ಪಲಿಯಿಂದ ಹಿಮ್ಮಡಿ ಬಿಡಿಸಿಕೊಂಡಳು.

"ಚಪ್ಪಲಿ ಕಚ್ತಿದೆಯಾ?" ಅವನು ಗಾಜಿನ ಪೆಟ್ಟಿಗೆ ನೋಡುತ್ತಲೇ ಕೇಳಿದ.

"ನಿಮಗೆ ಹೇಗೆ ಗೊತ್ತು?"

"ಗೊತ್ತಾಯ್ತು."

ಬೆನ್ನಿಗೇನು ಕಣ್ಣಿದೆಯಾ ಇವರಿಗೆ? ಸಿಟ್ಟೂ ಬಂತು, ಅಳುವೂ ಬಂತು. ಅವಳು ಬಿರುಸಾಗಿ ಅವನನ್ನು ದಾಟಿ ಮುಂದಿನ ಕೋಣೆಯತ್ತ ನಡೆದಳು. ಬಾಗಿಲ ಹತ್ತಿರ ನೂಕುನುಗ್ಗಲು. ಅವನು ಪಕ್ಕದಿಂದ ತೂರಿಕೊಂಡು ಮುಂದೆ ಹೋಗಿ, ಜನರನ್ನು ಸರಿಸಿ ದಾರಿ ಮಾಡಿಕೊಟ್ಟ. ಮತ್ತೆ ಅದೇ ಬೆನ್ನು.

ಒಳಗೆ ಕಾಲಿಟ್ಟವಳು ದಂಗಾದಳು.

ಅದು ಕನ್ನಡಿಗಳ ಸಭಾಂಗಣ. ಎರಡೂ ಗೋಡೆಗೆ ನೆಲದಿಂದ ಚಾವಣಿವರೆಗೆ ಕನ್ನಡಿಗಳು. ಎಲ್ಲಿ ನೋಡಿದರೂ ನೀಲಿ ಅಂಗಿಯ ಅವನು, ಹಿಂದೆ ಹಳದಿ ದುಪಟ್ಟಾದ ಅವಳು. ಮತ್ತೆ ಅಷ್ಟೂ ಕನ್ನಡಿಗಳಲ್ಲಿ ಅವನ ಕಣ್ಣು ಅವಳ ಮೇಲೇ ಇತ್ತು.

ಅವಳು ಎಡಕ್ಕೆ ಸರಿದಳು. ಅವನ ಕಣ್ಣು ಎಡಕ್ಕೆ ಬಂತು. ಕಂಬದ ಮರೆಗೆ ಹೋದಳು. ಅವನು ಗಾಬರಿಯಿಂದ ಒಂದು ಕನ್ನಡಿ ಬಿಟ್ಟು ಇನ್ನೊಂದರಲ್ಲಿ ಹುಡುಕಿದ. ಅವಳು ಈಚೆ ಬಂದಾಗ ಅವನ ಮುಖ ಸಡಿಲವಾದದ್ದನ್ನು ಕಣ್ಣಾರೆ ಕಂಡಳು.

ಮೆಟ್ಟಿಲ ಮೇಲಿನ ಕಿಟಕಿ... ರಾಣಿಯ ಗಾಜಿನ ಪೆಟ್ಟಿಗೆ... ಊರಲ್ಲಿ ಅಂಗಡಿಗಳ ಗಾಜಿನ ಬಾಗಿಲು. ಅಯ್ಯೋ, ಇಷ್ಟು ದಿನವೂ ನೋಡ್ತಾನೇ ಇದ್ದರಾ?

"ರೀ, ನಿಮಗೆ ತಿರುಗಿ ನೋಡೋಕೆ ಏನು ಕಷ್ಟ?"

"ಕಷ್ಟ ಏನಿಲ್ಲ. ಅಭ್ಯಾಸ," ಅವನು ಕನ್ನಡಿಯೊಳಗಿನ ಅವಳಿಗೆ ಹೇಳಿದ. "ಹಿಂದೆ ಕೂತವರನ್ನ ಡ್ರೈವರ್ ಕನ್ನಡೀಲೇ ನೋಡ್ಕೋಬೇಕು. ಕತ್ತು ತಿರುಗಿಸಿದ್ರೆ ಬಸ್ಸು ಹೋಗಿ ಗುದ್ದುತ್ತೆ. ನನಗೆ ನೋಡ್ಕೊಳ್ಳೋದು ಅಂದ್ರೆ ಹೀಗೇ."

"ನಾನು ನಿಮ್ಮ ಪ್ಯಾಸೆಂಜರ್ ಅಲ್ಲ. ನೀವು ನೋಡ್ತಿದ್ದೀರಿ ಅಂತ ನನಗೆ ತಿಳೀಬೇಡ್ವಾ?"

ಅವನು ಮೆಲ್ಲಗೆ ಅಂದ, "ನಿನ್ನೆ ಅಕ್ಕನ ಫೋನ್ ಕೇಳಿಸ್ತು. ಇಳೀತೀನಿ ಅಂದವರನ್ನ ಇಳಿಸದೆ ಹೋಗೋನಲ್ಲ ನಾನು. ಆದ್ರೆ ಬೆಳಿಗ್ಗೆಯಿಂದ ಪ್ರತಿ ಗಾಜಲ್ಲೂ ನೋಡ್ತಿದ್ದೆ, ಇದ್ದಾಳೋ, ಹೋದಳೋ ಅಂತ."

ಅವಳ ಕಣ್ಣು ತುಂಬಿತು. ಆದರೂ ಹಟ ಬಿಡಲಿಲ್ಲ.

"ಕನ್ನಡೀಲಿ ಹೇಳಿದ್ದು ಲೆಕ್ಕಕ್ಕಿಲ್ಲ. ತಿರುಗಿ."

ಅವನು ತಿರುಗಿದ. ಮೊದಲ ಸಲ ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡಿದ. ಆ ನೋಟ ತಡೆಯಲಾರದೆ ಅವಳೇ ತಲೆ ತಗ್ಗಿಸಿದಳು.

"ನೀನು ಬೇಕು," ಅಂದ. "ಟಿಕೆಟ್ ಒಂದೇ ಕೊಟ್ಟಿದ್ದರೆ ನಾನು ಬರ್ತಾನೇ ಇರಲಿಲ್ಲ."

ಕಾವಲುಗಾರ ಮುಂದೆ ಹೋಗಿ ಅಂತ ಸನ್ನೆ ಮಾಡಿದ. ಅವನು ಅವಳ ಮುಖದಿಂದ ಕಣ್ಣು ಕೀಳದೆ ಹಿಂದಡಿ ಇಟ್ಟ, ಹಗ್ಗ ಕಟ್ಟಿದ್ದ ಹಿತ್ತಾಳೆ ಕಂಬಕ್ಕೆ ಗುದ್ದಿಯೂ ಬಿಟ್ಟ. ಕಂಬ ಢಣ್ಣೆಂದು ಬಿತ್ತು.

ಅವಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು. "ಬಹುಮಾನ ವಾಪಸ್ ಕೊಡಬೇಕಾಗುತ್ತೆ ನೋಡಿ."

"ಕೊಡೋಣ ಬಿಡು," ಅಂತ ಅವನು ಕಂಬ ಎತ್ತಿ ನಿಲ್ಲಿಸಿದ.

ಅವಳು ಫೋನ್ ತೆಗೆದು ಅಕ್ಕನಿಗೆ 'ಬೇರೆಯವರನ್ನ ಇಟ್ಕೋ' ಅಂತ ಬರೆದು ಕಳಿಸಿದಳು. ಆಮೇಲೆ ಬಂದು ಅವನ ಪಕ್ಕದಲ್ಲಿ ನಿಂತಳು. ಹಿಂದಲ್ಲ, ಪಕ್ಕದಲ್ಲಿ.

"ಹಾಗಾದ್ರೆ ಟೈಲರಮ್ಮ, ನೀನು ಇಳಿಯೋದೆಲ್ಲಿ?"

ಅವಳು ಅವನ ಕೈ ಹಿಡಿದುಕೊಂಡಳು.

"ನೀವು ಇಳಿಯೋ ಕಡೆ."