ಬಾಗಿಲು ತೆಗೆಯುವ ಹೊತ್ತು

"ಹುಡುಗ ಎಂತದರಲ್ಲಿ ಹೋದದ್ದು?"

ಕೇಳಿದವರು ತಾರಾನಾಥ. ಅವರ ಕೈಯಲ್ಲಿ ಶಶಿಪ್ರಭಾಳ ಮಗ ಚಿತ್ತರಂಜನನ ಫೋಟೋ ಇತ್ತು.

ಶಶಿಪ್ರಭಾ ಬಾಯಿ ತೆರೆಯುವ ಮೊದಲೇ ಅಣ್ಣ ಗುಣಪಾಲ ಉತ್ತರ ಕೊಟ್ಟುಬಿಟ್ಟ.

"ಟೈಫಾಯ್ಡ್ ಮಾರಾಯ್ರೇ. ಹನ್ನೊಂದು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಚಿನ್ನದಂಥ ಹುಡುಗ!"

"ಯಾವಾಗ?"

"ಕಳೆದ ಷಷ್ಠಿಗೆ ಎರಡು ವರ್ಷ ಆಯಿತು. ಷಷ್ಠಿಯ ಮರುದಿನವೇ ಹೋದದ್ದು."

ತಾರಾನಾಥ ಫೋಟೋವನ್ನು ಮತ್ತೆ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಕಣ್ಣೆತ್ತಿ ನೇರವಾಗಿ ಶಶಿಪ್ರಭಾಳನ್ನು ನೋಡಿದರು.

ಎಂಥ ನೋಟ ಅದು! ಒಳಗಿನ ಕೋಣೆಯವರೆಗೂ ಹೊಕ್ಕು ಬರುವ ನೋಟ...

"ಯೋಚನೆ ಮಾಡಿ ಹೇಳ್ತೇನೆ," ಎಂದು ಎದ್ದರು. ಮುಂದಿಟ್ಟ ವೀಳ್ಯ ಮುಟ್ಟಲಿಲ್ಲ.

'ಇವರಿಗೆ ಗೊತ್ತಾಯಿತು! ಸುಳ್ಳು ಅಂತ ಗೊತ್ತಾಯಿತು...'

ಅದು ೧೯೬೩ರ ಬೇಸಿಗೆ. ಮದುವೆಯಾಗದೆ ತೀರಿಹೋದ ಮಕ್ಕಳ ಜೀವಕ್ಕೆ ನೆಮ್ಮದಿಯಿಲ್ಲ ಎಂದು ತುಳುವರ ಹಿರಿಯರು ನಂಬುತ್ತಾರೆ. ಅಂಥ ಹುಡುಗನಿಗೆ, ಹಾಗೆಯೇ ತೀರಿಕೊಂಡ ಹುಡುಗಿಯನ್ನು ಹುಡುಕಿ ಮದುವೆ ಮಾಡಿಸುತ್ತಾರೆ. ಉರ್ವದ ಈ ಮನೆಗೆ ತಾರಾನಾಥ ಬಂದದ್ದು ಅದಕ್ಕೇ. ಕೂಳೂರಿನವರು, ಮುಲ್ಕಿ ಬಸ್ಸಿನ ಡ್ರೈವರ್. ಹೆಂಡತಿ ಎಂದೋ ತೀರಿಹೋಗಿದ್ದರು. ಒಬ್ಬಳೇ ಮಗಳು ವಿನೋದಾ ಕಳೆದ ವರ್ಷ ಕಾಮಾಲೆಯಲ್ಲಿ ತೀರಿಕೊಂಡಿದ್ದಳು.

ಮತ್ತೆ ಶಶಿಪ್ರಭಾ? ವಿಧವೆ, ಶಾಲೆಯ ಟೀಚರ್, ನಲವತ್ತನಾಲ್ಕು ವರ್ಷ. ಅವಳ ಮಗ ಜ್ವರದಲ್ಲಿ ಸತ್ತವನಲ್ಲ.

ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಚಿತ್ತರಂಜನ ಮಹಡಿಯ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ನೋವಿಗೆಂದು ಮಾರ್ಫಿಯಾ ಸೂಜಿ ಚುಚ್ಚಿದರು. ನೋವು ಹೋಯಿತು, ಸೂಜಿ ಹೋಗಲಿಲ್ಲ. ಊರಿಗೆ ಬಂದವನ ತೋಳಿನ ತುಂಬ ಕಲೆ.

ಕೊನೆಗೆ ಒಂದು ದಿನ ಅವನೇ ಬೀಗ ತಂದು ತಾಯಿಯ ಕೈಗಿಟ್ಟ.

"ನನ್ನನ್ನು ಒಳಗೆ ಹಾಕಮ್ಮಾ. ನಾನೇ ಕಾಲು ಹಿಡಿದು ಬೇಡಿದರೂ ತೆಗೀಬೇಡ!"

ಮೂರು ದಿನ ಅವನು ಕೂಗಿದ. ಬಾಗಿಲಿಗೆ ತಲೆ ಚಚ್ಚಿಕೊಂಡ. ಮೂರನೆಯ ದಿನ, ಷಷ್ಠಿಯ ಬೆಳಿಗ್ಗೆ, ಶಶಿಪ್ರಭಾ ಬಾಗಿಲು ತೆಗೆದಳು. ಅವಳ ಪಕ್ಕದಿಂದ ನುಗ್ಗಿ ಓಡಿದವನು ಮತ್ತೆ ಸಿಕ್ಕಿದ್ದು ಮರುದಿನ ಆಸ್ಪತ್ರೆಯಲ್ಲಿ, ಬಿಳಿ ಬಟ್ಟೆಯ ಅಡಿಯಲ್ಲಿ. ಹೊರಗೆ ಹೋಗಿ ಚುಚ್ಚಿಕೊಂಡ ಸೂಜಿ ಮಿತಿಮೀರಿತ್ತು.

ಅಂದಿನಿಂದ ಮನೆಯ ಯಾವ ಬಾಗಿಲನ್ನೂ ಅವಳಿಂದ ಮುಚ್ಚಲಾಗುತ್ತಿರಲಿಲ್ಲ. ಸತ್ತವರಿಗೆ ಎಲೆ ಬಡಿಸಿ, ಬಾಗಿಲು ಎಳೆದು, ಅವರು ಉಂಡು ಮುಗಿಸುವವರೆಗೆ ಹೊರಗೆ ಕಾಯುವ ಕ್ರಮ ಉಂಟಲ್ಲ... ಅದನ್ನೂ ಅವಳು ಮಗನಿಗೆ ಮಾಡಿರಲಿಲ್ಲ.

*

ಎಂಟು ದಿನ ಬಿಟ್ಟು ತಾರಾನಾಥ ಬಂದರು.

"ನನಗೆ ಒಪ್ಪಿಗೆ ಉಂಟು ಟೀಚರೇ."

ಅವಳಿಗೆ ಆಶ್ಚರ್ಯ! ಹಾಗಾದರೆ ಇವರಿಗೆ ಏನೂ ಗೊತ್ತಿಲ್ಲವೇ?

ಮದುವೆ ಮಳೆಗಾಲದ ಆಟಿ ತಿಂಗಳಿಗೆ ಎಂದಾಯಿತು. ಆಮೇಲೆ ಅವರು ಬರುತ್ತಲೇ ಇದ್ದರು. ಮದುಮಗಳ ಸೀರೆಗೆ ಯಾವ ಬಣ್ಣ ಎಂದು ಕೇಳಲು ಒಮ್ಮೆ. ಬಳೆ ಗಾಜಿನದ್ದೋ ಬೆಳ್ಳಿಯದ್ದೋ ಎಂದು ಇನ್ನೊಮ್ಮೆ.

"ಮುಲ್ಕಿ ಬಸ್ಸು ಈಗ ಉರ್ವದ ಮೇಲಿಂದಲೇ ಹೋಗ್ತದೆ ಕಾಣ್ತದೆ!" ಎಂದು ಗುಣಪಾಲ ಕೆಣಕಿದ.

"ಸುಮ್ಮನಿರು ಅಣ್ಣ!" ಎಂದಳು ಶಶಿಪ್ರಭಾ. ಕೆನ್ನೆ ಮಾತ್ರ ಬಿಸಿಯಾಯಿತು.

ತಾರಾನಾಥ ಮಗಳ ಬಗ್ಗೆ ಹೇಳುತ್ತಿದ್ದರು. ಹಾಗಲಕಾಯಿಯನ್ನು ಬೆಕ್ಕಿಗೆ ಹಾಕಿ ಸಿಕ್ಕಿಬಿದ್ದದ್ದು, ಬೆಕ್ಕೂ ತಿನ್ನದೆ ಮರ್ಯಾದೆ ತೆಗೆದದ್ದು... ಹೇಳುತ್ತ ನಗುತ್ತಿದ್ದರು, ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು.

"ನಿಮ್ಮ ಮಗ ಹೇಗಿದ್ದ ಟೀಚರೇ? ನೀವು ಹೇಳಿ."

ಅವಳು ಸುಳ್ಳು ಹೇಳಿದಳು. ಸಂಜೆ ದೀಪ ಹಚ್ಚುತ್ತಿದ್ದ ಮಗ. ತಾಯಿಯ ಕಾಲೊತ್ತುತ್ತಿದ್ದ ಮಗ. ಇಲ್ಲದ ಮಗನೊಬ್ಬನನ್ನು ಅವಳು ದಿನಕ್ಕಿಷ್ಟು ಕಟ್ಟಿದಳು. ತಾರಾನಾಥ ನೋವು ತುಂಬಿದ ಕಣ್ಣಲ್ಲಿ ಕೇಳುತ್ತಿದ್ದರು.

ಅವರು ಹೋದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಕೋಣೆಗೆ...

'ಇವರು ಬರುವ ಹೊತ್ತಿಗೆ ಕಿವಿ ರಸ್ತೆಯಲ್ಲೇ ಇರುತ್ತದಲ್ಲ! ಬಂದರೆ ಬಾಯಿ ತುಂಬ ಸುಳ್ಳು. ಅವರ ಮಗಳನ್ನು ಯಾರಿಗೆ ಕೊಡಿಸುತ್ತಿದ್ದೇನೆ? ನನ್ನ ಮಗನಿಗಾ? ನಾನು ಕಟ್ಟಿದ ಹುಡುಗನಿಗಾ?'

ಮದುವೆಗೆ ನಾಲ್ಕು ದಿನ ಇರುವಾಗ ಅವಳು ಕೂಳೂರಿಗೆ ಹೊರಟಳು.

*

"ಟೈಫಾಯ್ಡ್ ಅಲ್ಲ," ಎಂದಳು, ತಾರಾನಾಥರ ಮನೆಯ ಜಗಲಿ ಹತ್ತುವ ಮೊದಲೇ. "ಮಾರ್ಫಿಯಾ. ಸೂಜಿ ಬಿಡಬೇಕು ಅಂತ ಅವನೇ ಒಳಗೆ ಕೂತಿದ್ದ. ತೆಗೀಬೇಡ ಅಂದಿದ್ದ. ನಾನು ತೆಗೆದೆ! ಇನ್ನು ಎರಡು ದಿನ ತಡೆದಿದ್ದರೆ... ನನ್ನಿಂದ ಕೇಳಲಿಕ್ಕೆ ಆಗಲಿಲ್ಲ. ದೀಪ ಹಚ್ಚಿದ್ದು, ಕಾಲೊತ್ತಿದ್ದು ಎಲ್ಲ ಸುಳ್ಳು. ನಿಮ್ಮ ವಿನೋದಾಳನ್ನು ಕೊಡಬೇಡಿ."

ತಾರಾನಾಥರ ಮುಖ ಬಿಳಿಚಿತು. ಎದ್ದು ಒಳಗೆ ಹೋದರು.

ಮುಗಿಯಿತು! ಶಶಿಪ್ರಭಾ ಕೊಡೆ ಬಿಡಿಸುವುದನ್ನೂ ಮರೆತು ತಿರುಗಿ ನಡೆದಳು. ಆಟಿಯ ಮಳೆ ಹನಿಯುತ್ತಿತ್ತು. ಕೂಳೂರು ಸೇತುವೆಯ ನಡುವೆ ಬರುವಾಗ ಹಿಂದಿನಿಂದ ಓಡುವ ಕಾಲಿನ ಸದ್ದು.

"ಟೀಚರೇ! ನಿಲ್ಲಿ ಮಾರಾಯ್ರೇ! ಬಸ್ಸು ಬಿಡುವವನನ್ನು ಓಡಿಸ್ತೀರಲ್ಲ!"

ಏದುಸಿರು ಬಿಡುತ್ತ ಅವರು ಮುಂದೆ ಬಂದು ನಿಂತರು.

"ಅಳು ಬಂತು... ನಿಮ್ಮೆದುರು ಅಳಲಿಕ್ಕೆ ನಾಚಿಕೆಯಾಗಿ ಒಳಗೆ ಹೋದದ್ದು. ಹೊರಗೆ ಬಂದರೆ ನೀವಿಲ್ಲ."

"ನನ್ನ ಮೇಲೆ ಹೇಸಿಗೆ ಆಗಲಿಲ್ಲವಾ?"

"ನನಗೆ ಮೊದಲೇ ಗೊತ್ತಿತ್ತು."

ಅವಳು ಕಂಬಿ ಹಿಡಿದುಕೊಂಡಳು.

"ಷಷ್ಠಿಯ ದಿನ ನಿಮ್ಮ ಮಗ ನನ್ನ ಬಸ್ಸಿನಲ್ಲಿದ್ದ. ಹನ್ನೊಂದು ದಿನ ಹಾಸಿಗೆಯಲ್ಲಿದ್ದವ ಬಸ್ಸಿಗೆ ಹೇಗೆ ಬರ್ತಾನೆ? ಕೈ ನಡುಗ್ತಿತ್ತು, ಮೈಯೆಲ್ಲ ಬೆವರು. ಇಲ್ಲಿ, ಸೇತುವೆ ದಾಟಿದ ಕೂಡಲೇ 'ನಿಲ್ಲಿಸಿ' ಅಂದ. ಸ್ಟಾಪ್ ಅಲ್ಲ. ನಿಲ್ಲಿಸಬಾರದಿತ್ತು. ಆದರೂ ನಿಲ್ಲಿಸಿದೆ. ಫೋಟೋ ನೋಡಿದ ದಿನದಿಂದ ಹೇಳಬೇಕು ಅಂತ ಬರ್ತೇನೆ. ಸೀರೆಯ ಬಣ್ಣ ಕೇಳಿ ವಾಪಸ್ ಹೋಗ್ತೇನೆ. ನೀವು ಒಂದು ಬಾಗಿಲು ತೆಗೆದಿರಿ ಟೀಚರೇ. ಇನ್ನೊಂದನ್ನು ತೆಗೆದವ ನಾನು."

ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು.

"ಮತ್ತೆ... ಮಗಳನ್ನು ಕೊಡಲಿಕ್ಕೆ ಯಾಕೆ ಒಪ್ಪಿದಿರಿ?"

"ಇಳಿಯುವಾಗ ಮೀನು ಮಾರುವ ಅಜ್ಜಿಯೊಬ್ಬಳು ಬುಟ್ಟಿ ಎತ್ತಲಿಕ್ಕೆ ಪರದಾಡ್ತಿದ್ದಳು. ಇವ ಎತ್ತಿಕೊಟ್ಟ. ಕೈ ನಡುಗಿ ಬೂತಾಯಿ ಮೀನೆಲ್ಲ ರಸ್ತೆಗೆ! ಅಜ್ಜಿ ಬೈದದ್ದೇ ಬೈದದ್ದು. ಇವ ಮೊಣಕಾಲೂರಿ ಒಂದೊಂದೇ ಹೆಕ್ಕಿದ. ಹೆಕ್ಕುತ್ತ ನಗ್ತಿದ್ದ. 'ಅಜ್ಜೀ, ನನ್ನ ಅಮ್ಮನೂ ಹೀಗೇ ಬೈಯುವುದು' ಅಂದ. ಅಷ್ಟು ಕಷ್ಟದಲ್ಲೂ ಆ ಮೀನು ಹೆಕ್ಕಿದವ ನನ್ನ ಮಗಳನ್ನು ನಗಿಸಿಯಾನು ಅಂತ ಅನಿಸಿತು."

"ಅದು... ಅದು ನನ್ನ ಮಗನೇ!"

ಎರಡು ವರ್ಷದಿಂದ ಒಣಗಿದ್ದ ಕಣ್ಣು ತುಂಬಿ ಹರಿಯಿತು. ತಾರಾನಾಥ ಕೊಡೆ ಬಿಡಿಸಿ ಅವಳ ತಲೆಯ ಮೇಲೆ ಹಿಡಿದರು.

*

ಮದುವೆ ಮಧ್ಯಾಹ್ನವೇ ಮುಗಿಯಿತು. ಒಂದು ಮಣೆಯ ಮೇಲೆ ಬಿಳಿ ಪಂಚೆ, ಅಂಗಿ. ಇನ್ನೊಂದರ ಮೇಲೆ ಹಸಿರು ಸೀರೆ, ಬಳೆ, ಮಲ್ಲಿಗೆ. ಎರಡಕ್ಕೂ ಹಾರ ಹಾಕಿ, ಮುಂದೆ ಎಲೆ ಬಡಿಸಿದರು. ಕೋಳಿ ಗಸಿಯ ಪಕ್ಕದಲ್ಲಿ ಒಣ ಬೂತಾಯಿಯ ಚಟ್ನಿ.

"ಮದುವೆ ಎಲೆಗೆ ಒಣ ಮೀನಾ?" ಎಂದು ಗುಣಪಾಲ ಗೊಣಗಿದ.

"ಆಟಿಯಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ, ಹಸಿ ಮೀನು ನಿಮ್ಮ ಬಾವಿಯಲ್ಲಿ ಸಿಗ್ತದಾ?" ಎಂದರು ತಾರಾನಾಥ. ತಂದವರು ಅವರೇ.

ನೆಂಟರೆಲ್ಲ ಅಂಗಳದ ಚಪ್ಪರಕ್ಕೆ ಹೋದರು. ಬಾಗಿಲು ಎಳೆಯಬೇಕು. ಶಶಿಪ್ರಭಾಳ ಕೈ ಚಿಲಕದ ಮೇಲೆ ಕಲ್ಲಾಯಿತು.

"ನನ್ನಿಂದ ಆಗುವುದಿಲ್ಲ..."

ಅವಳ ಕೈಯ ಪಕ್ಕದಲ್ಲಿ ಇನ್ನೊಂದು ಕೈ ಬಂತು. ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು.

"ಕೂಗು ಕೇಳ್ತದಾ?" ಎಂದು ತಾರಾನಾಥ ಪಿಸುಗುಟ್ಟಿದರು.

ಅವಳು ಕಿವಿಗೊಟ್ಟಳು. ತುಂಬ ಹೊತ್ತು ಕಿವಿಗೊಟ್ಟಳು.

"ಇಲ್ಲ..."

"ನಾಳೆಯಿಂದ ನನಗೆ ಇಲ್ಲಿ ಬರಲಿಕ್ಕೆ ಕಾರಣ ಇಲ್ಲ ಟೀಚರೇ."

"ಕಾರಣ ಇಲ್ಲದೆ ಬರಲಿಕ್ಕೆ ನಿಮ್ಮ ಬಸ್ಸಿಗೆ ಪರ್ಮಿಟ್ ಇಲ್ಲವಾ?"

ಅವರು ನಗಲಿಲ್ಲ. "ಬಂದರೆ ವಾಪಸ್ ಹೋಗಲಿಕ್ಕೆ ಮನಸ್ಸಾಗುವುದಿಲ್ಲ. ಅದಕ್ಕೆ ಹೇಳಿದ್ದು."

ಅವಳು ಚಪ್ಪರದ ಕಡೆ ನೋಡಿದಳು.

"ಈ ವಯಸ್ಸಿನಲ್ಲಿ... ಜನ ನಗ್ತಾರೆ."

"ನಗಲಿ. ಈ ಮನೆಯಲ್ಲಿ ಯಾರಾದರೂ ನಕ್ಕು ಎಷ್ಟು ಸಮಯ ಆಯಿತು?"

ಶಶಿಪ್ರಭಾ ಚಿಲಕದ ಮೇಲಿದ್ದ ತನ್ನ ಕೈಯನ್ನು ತೆಗೆದು ಅವರ ಕೈಯ ಮೇಲಿಟ್ಟಳು.

"ತೆಗೆಯುವುದಾ ಶಶಿ?" ಮೊದಲ ಸಲ ಅವರು ಹೆಸರು ಹಿಡಿದು ಕರೆದರು.

"ಇನ್ನು ಸ್ವಲ್ಪ ಇರಲಿ," ಎಂದಳು ಅವಳು. "ಅವನು ಮೀನಿನ ಮುಳ್ಳು ಬಿಡಿಸುವುದು ತುಂಬ ನಿಧಾನ."